ಮಂಗಳವಾರದ ಹುಲ್ಲು

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಅಶ್ವಿನಿ ಬೋಡಗುಡ್ಡದ ಮೇಲೆ ಮೊದಲನೇ ಚೌಕದ ಹುಲ್ಲು ಅಳೆದಳು. ಹನ್ನೆರಡು ಸೆಂಟಿಮೀಟರ್ ಬಂತು. ಎಲ್ಲೋ ತಪ್ಪಿದೆ ಎಂದುಕೊಂಡು ಅಳತೆಕೋಲಿನ ತಟ್ಟೆ ಎತ್ತಿ ಮತ್ತೆ ಬಿಟ್ಟಳು. ಮತ್ತೆ ಹನ್ನೆರಡು.

ಅವಳು ಅಳೆಯಲು ಬಂದವಳಲ್ಲ. ಪಿಎಚ್‌ಡಿ ಪ್ರಬಂಧಕ್ಕೆ ನಾಲ್ಕು ಫೋಟೋ ಬೇಕಿದ್ದವು, ಅಷ್ಟಕ್ಕೆ ಆದೋನಿಯಿಂದ ಪತ್ತಿಕೊಂಡದ ಬಸ್ಸು ಹತ್ತಿ, ದೇವನಕೊಂಡದ ಕಡೆಯ ಆಟೋ ಹಿಡಿದು, ತಿಮ್ಮಲದಿನ್ನೆಗೆ ಬಂದಿದ್ದಳು. ಬರೀ ಗುಡ್ಡದ ಫೋಟೋ ಸಪ್ಪೆಯಾಗುತ್ತದೆ, ಅಳತೆಯ ಕೋಲೂ ಅದರಲ್ಲಿರಲಿ ಎಂದು ಅವಳ ಪರವಾಗಿ ಹುಲ್ಲು ಅಳೆಯುವ ವೆಂಕಟಪ್ಪನ ಮನೆಯಿಂದ ಅದನ್ನು ತಂದಿದ್ದಳು. ಕೋಲಿಗೆ ಪೋಣಿಸಿದ ಒಂದು ಅಲ್ಯೂಮಿನಿಯಂ ತಟ್ಟೆ. ಮೇಲಿನಿಂದ ಬಿಟ್ಟರೆ ಹುಲ್ಲಿನ ಮೇಲೆ ಬಂದು ಕೂರುತ್ತದೆ. ಎಲ್ಲಿ ಕೂತಿತೋ ಅಲ್ಲಿ ಕೋಲಿನ ಮೇಲಿರುವ ಅಂಕಿ ಆ ಜಾಗದ ಹುಲ್ಲಿನ ಎತ್ತರ. ಊರವರು ಅದನ್ನು ಜಾಗಟೆ ಅನ್ನುತ್ತಿದ್ದರು.

ಗುಡ್ಡದ ನೆತ್ತಿ ಬೋಳು, ಬಂಡೆ. ಅದರ ಕೆಳಗೆ ನೀರಿನ ಕುಂಟೆಯ ಪಕ್ಕದ ಸಮತಟ್ಟಿನಲ್ಲಿ ಇಪ್ಪತ್ತು ಚೌಕಗಳಿದ್ದವು, ಒಂದೊಂದರ ಮೂಲೆಗೂ ಸುಣ್ಣ ಬಳಿದ ಕಲ್ಲು. ಅಶ್ವಿನಿ ಇಪ್ಪತ್ತನ್ನೂ ಅಳೆದಳು. ಸರಾಸರಿ ಹನ್ನೊಂದು ಪಾಯಿಂಟ್ ಆರು.

ಐದು ದಿನದ ಹಿಂದೆ, ಮಂಗಳವಾರ, ವೆಂಕಟಪ್ಪ ವಾಟ್ಸಾಪ್‌ನಲ್ಲಿ ಕಳಿಸಿದ ಹಾಳೆಯಲ್ಲಿ ಸರಾಸರಿ ಆರು ಪಾಯಿಂಟ್ ಒಂದು ಇತ್ತು.

ಅವಳು ಬಂಡೆಯ ನೆರಳಿನಲ್ಲಿ ಕೂತು ನೀರು ಕುಡಿದಳು. ಅವಳ ಪ್ರಬಂಧದ ಐದನೇ ಅಧ್ಯಾಯ ನಿಂತಿದ್ದೇ ಆ ಆರರ ಮೇಲೆ. ಇಪ್ಪತ್ತೊಂದು, ಇಪ್ಪತ್ತೆರಡನೇ ಇಸವಿಗಳಲ್ಲಿ ಮಳೆಗಾಲದ ಕೊನೆಗೆ ಈ ಗುಡ್ಡದ ಹುಲ್ಲು ಹನ್ನೆರಡರ ಆಸುಪಾಸಿನಲ್ಲಿತ್ತು. ಇಪ್ಪತ್ತಮೂರರಲ್ಲಿ ಮಳೆ ಕೈಕೊಟ್ಟು ನಾಲ್ಕಕ್ಕೆ ಇಳಿಯಿತು. ಇಪ್ಪತ್ತನಾಲ್ಕರಲ್ಲಿ ಮಳೆ ಚೆನ್ನಾಗಿ ಬಂತು, ಹುಲ್ಲು ಆರು ದಾಟಲಿಲ್ಲ. ಈ ವರ್ಷವೂ ದಾಟಿರಲಿಲ್ಲ. ಮಳೆ ಮರಳಿದೆ, ಹುಲ್ಲು ಮರಳಿಲ್ಲ. ಒಂದೇ ಬರಕ್ಕೆ ಗುಡ್ಡದ ಮಣ್ಣು ಚೇತರಿಸಿಕೊಳ್ಳುವ ಶಕ್ತಿ ಕಳೆದುಕೊಂಡಿದೆ. ಅಧ್ಯಾಯದ ಸಾರ ಇಷ್ಟೇ. ಅವಳ ಗೈಡ್ ಹಾಲೇಶ್ ಸರ್ ಅದನ್ನು ಓದಿ ಮೊದಲ ಸಲ ಅವಳಿಗೆ ಟೀ ತರಿಸಿದ್ದರು. ಹೈದರಾಬಾದಿನ ಸಮ್ಮೇಳನಕ್ಕೂ ಅದನ್ನು ಕಳಿಸಿದ್ದರು. ಪ್ರಬಂಧ ಸಲ್ಲಿಸಲು ಸೆಪ್ಟೆಂಬರ್ ಮೂವತ್ತು ಕೊನೆಯ ದಿನ. ಅಂದು ತಾರೀಖು ಏಳು.

ಐದು ದಿನದಲ್ಲಿ ಆರು ಹನ್ನೊಂದೂವರೆ ಆಗುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಹಾಗಾದರೆ ವೆಂಕಟಪ್ಪ ಗುಡ್ಡಕ್ಕೆ ಬಂದೇ ಇಲ್ಲ. ಮನೆಯಲ್ಲಿ ಕೂತು ಅಂಕಿ ತುಂಬಿದ್ದಾನೆ. ಎಷ್ಟು ವಾರದಿಂದ ಎನ್ನುವುದಷ್ಟೇ ಪ್ರಶ್ನೆ.

ವೆಂಕಟಪ್ಪ ಮೆಣಸಿನಕಾಯಿ ಹೊಲಕ್ಕೆ ಔಷಧಿ ಹೊಡೆದು ಮಧ್ಯಾಹ್ನ ಮನೆಗೆ ಬಂದ. ಐವತ್ತೈದರ ಆಳು, ಏಳನೇ ಕ್ಲಾಸಿನವರೆಗೆ ತೆಲುಗು ಶಾಲೆ. ಎರಡು ಎತ್ತು, ಆರು ಎಕರೆ ಹೊಲ, ಹೆಂಡತಿ ಪಕೀರಮ್ಮನ ಲೆಕ್ಕದಲ್ಲಿ ಮೂವತ್ತು ಕುರಿ. ನಾಲ್ಕು ವರ್ಷದಿಂದ ವಾರಕ್ಕೊಮ್ಮೆ ಹುಲ್ಲು ಅಳೆಯುವ ಕೆಲಸ ಅವನದೇ. ಕೈಕಾಲು ತೊಳೆಯುವ ಮುಂಚೆಯೇ ಅಶ್ವಿನಿ ಫೋನಿನ ಹಾಳೆಯನ್ನು ಅವನ ಮುಂದೆ ಹಿಡಿದಳು.

“ಅಣ್ಣಾ, ಇದು ಎಲ್ಲಿ ಕುಂತು ಬರ್ದಿದ್ದು?”

“ಗುಡ್ಡದಾಗ.”

“ನಾನು ಈಗ ಗುಡ್ಡದಿಂದಾನೇ ಬಂದೆ. ಹನ್ನೊಂದೂವರೆ ಐತಿ. ನೀವು ಆರು ಬರ್ದೀರಿ.”

“ಮಂಗಳವಾರ ಆರಿತ್ತು.”

“ಐದು ದಿನದಾಗ ಡಬಲ್ ಆಯ್ತಾ?”

ವೆಂಕಟಪ್ಪ ಬಚ್ಚಲ ಕಲ್ಲಿನ ಹತ್ತಿರ ಹೋಗಿ ಔಷಧಿ ವಾಸನೆ ಹೋಗುವವರೆಗೆ ಕೈ ಉಜ್ಜಿದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಪಕೀರಮ್ಮನೇ ಮಾತಾಡಿದಳು.

“ಏ ಯವ್ವಾ, ಆತಗ ಸುಳ್ಳು ಬರಿಯಾಕ ಬರಂಗಿಲ್ಲ. ಸುಳ್ಳು ಹೇಳೋನಾಗಿದ್ರ ಇಷ್ಟೊತ್ತಿಗೆ ಸರಪಂಚ ಆಗಿರ್ತಿದ್ದ.”

“ನಾನು ಸುಳ್ಳು ಅಂದಿಲ್ಲ ಅಕ್ಕಾ.”

“ಮತ್ತ ಏನಂದಿ? ಕುಂತು ಬರ್ದಿ ಅಂದಿ. ಎಲ್ಡೂ ಒಂದೇ ಕದಾ?”

ವೆಂಕಟಪ್ಪ ಟವೆಲ್ಲಿನಲ್ಲಿ ಕೈ ಒರೆಸಿಕೊಂಡು ಬಂದು ನಿಂತ. ಯಾವಾಗಲೂ ‘ಅವ್ವಾ’ ಅನ್ನುತ್ತಿದ್ದವನು ಈಗ ಬಹುವಚನಕ್ಕೆ ಹೋಗಿದ್ದ. “ನೋಡ್ರಿ ಮೇಡಮ್ಮ. ನೀವು ಓದಿದೋರು. ನಾಡಿದ್ದು ಮಂಗಳವಾರ. ಅಲ್ಲೀಮಟ ಇರ್ರಿ. ನೀವೇ ಅಳೀರಿ. ಆರಕ್ಕಿಂತ ಜಾಸ್ತಿ ಬಂದ್ರ ಆ ಜಾಗಟೆ ತಗಂಡು ಹೋಗ್ರಿ. ನನಗ ಆ ಕೆಲಸ ಬ್ಯಾಡ.”

“ಎರಡು ದಿನದಾಗ ಅದು ಕಮ್ಮಿ ಹೆಂಗ ಆಗ್ತೈತಿ?”

“ಅದು ನನಗ ಏನು ಗೊತ್ತು? ಬೀಳ್ಸು ಅಂದ್ರಿ, ಬೀಳ್ಸೀನಿ. ಬರಿ ಅಂದ್ರಿ, ಬರ್ದೀನಿ.”

ಅಶ್ವಿನಿ ಉಳಿದಳು. ಬೇರೆ ದಾರಿಯೂ ಇರಲಿಲ್ಲ. ವಾಪಸ್ ಹೋಗಿ ಆರು ಎಂದು ಸಲ್ಲಿಸಿದರೆ ಹನ್ನೊಂದೂವರೆ ತಲೆಯಲ್ಲಿ ಕೂತಿರುತ್ತದೆ. ವೆಂಕಟಪ್ಪ ಸುಳ್ಳುಗಾರ ಎಂದು ಬರೆದರೆ ನಾಲ್ಕು ವರ್ಷದ ಎಲ್ಲ ಹಾಳೆಗಳೂ ಕಸಕ್ಕೆ. ಪಕೀರಮ್ಮ ಹೆಚ್ಚಿಗೆ ಎರಡು ರೊಟ್ಟಿ ಬಡಿದಳು. ವೆಂಕಟಪ್ಪ ಊಟದ ಹೊತ್ತಿಗೂ ಅವಳ ಕಡೆ ನೋಡಲಿಲ್ಲ.

ಸೋಮವಾರ ಎಂಟು ಗಂಟೆಗೆ ಅಶ್ವಿನಿ ಮತ್ತೆ ಗುಡ್ಡ ಹತ್ತಿದಳು. ಅಂದೂ ಒಂದು ಸಲ ಅಳೆದು, ಮಂಗಳವಾರ ಇನ್ನೊಂದು ಸಲ ಅಳೆಯುವುದು ಅವಳ ಲೆಕ್ಕ. ಪಕೀರಮ್ಮ ಕುರಿ ಹೊಡೆದುಕೊಂಡು ಹಿಂದೆಯೇ ಬಂದಳು. ಐದು ಚೌಕ ಮುಗಿಯುವಷ್ಟರಲ್ಲಿ ಕೆಳಗಿನಿಂದ ಗಂಟೆ ಸದ್ದು ಕೇಳಿತು.

ಮೊದಲು ನಾಲ್ಕು ಎತ್ತು ಬಂದವು. ಅವುಗಳ ಹಿಂದೆ ಹತ್ತು. ಆಮೇಲೆ ಅಶ್ವಿನಿ ಎಣಿಸಲು ಶುರುಮಾಡಿದಳು. ಎಪ್ಪತ್ತೆಂಟು. ಊರಿನಲ್ಲಿ ಉಳುಮೆಗೆ ಟ್ರ್ಯಾಕ್ಟರ್ ಬಂದು ಎಷ್ಟೋ ವರ್ಷವಾಗಿದೆ. ಆದರೆ ಹತ್ತಿ, ಶೇಂಗಾ ಸಾಲುಗಳ ನಡುವೆ ಕಳೆ ತೆಗೆಯುವ ಎಡೆ ಹೊಡೆಯಲು ಇನ್ನೂ ಎತ್ತೇ ಬೇಕು, ಆದ್ದರಿಂದ ಮನೆಗೊಂದು ಜೋಡಿ ಉಳಿದಿದೆ. ಹಗ್ಗ ಬಿಚ್ಚಿದ ಎತ್ತುಗಳು ಕುಂಟೆಯಲ್ಲಿ ನೀರು ಕುಡಿದು ನೇರವಾಗಿ ಸಮತಟ್ಟಿಗೆ ಬಂದವು. ಅವಕ್ಕೆ ಯಾರೂ ದಾರಿ ತೋರಿಸಲಿಲ್ಲ. ಒಂದು ದೊಡ್ಡ ಬಿಳಿ ಎತ್ತು ಹದಿನಾಲ್ಕನೇ ಚೌಕದಲ್ಲಿ ನಾಲ್ಕೂ ಕಾಲಿಟ್ಟು ನಿಂತು ಹುಲ್ಲಿಗೆ ನಾಲಿಗೆ ಸುತ್ತಿ ಎಳೆಯತೊಡಗಿತು.

“ಇವೆಲ್ಲ ಯಾಕ ಬಂದಾವಕ್ಕಾ?”

“ಇವತ್ತು ಸೋಮವಾರ ಅಲ್ಲೇನು?”

“ಆದ್ರೆ?”

ಪಕೀರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಲಿಂಗ ಕಟ್ಟಿಕೊಂಡೋರ ಮನಿ ಮಗಳು ನೀ. ಸೋಮವಾರ ಬಸವಣ್ಣನ ಹೆಗಲಿಗೆ ನೊಗ ಇಡ್ತಾರೇನು? ನಾ ಕುರಿ ಕಾಯೋಕಿ, ನಾ ನಿನಗ ಹೇಳ್ಬೇಕಾ?”

“ಪ್ರತಿ ಸೋಮವಾರ ಬರ್ತಾವಾ?”

“ಇಲ್ಲ, ಕ್ಯಾಲೆಂಡರ್ ನೋಡಿ ಬರ್ತಾವ. ಕೇಳ್ತಾಳ ನೋಡು! ವಾರೆಲ್ಲ ಕಟ್ಟಿ ಹಾಕಿ ಒಣ ಸೊಪ್ಪಿ ತಿನ್ಸೋದು. ಒಂದಿನ ಹಸರು ನೋಡ್ಲಿ ಅಂತ ಬಿಡ್ತಾರ.”

“ಆ ಬಿಳೀದು ಯಾರದು?”

“ನಮ್ದೇ,” ಅಂದಳು ಪಕೀರಮ್ಮ, “ಭಾಳ ತಿಂತೈತಿ.”

ಅಶ್ವಿನಿಯ ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಒಂದು ವಾಕ್ಯವಿತ್ತು: ಗುಡ್ಡದಲ್ಲಿ ಮೇಯುವ ಜಾನುವಾರುಗಳ ಸಂಖ್ಯೆ ವಾರದ ಎಲ್ಲ ದಿನಗಳಲ್ಲೂ ಹೆಚ್ಚುಕಡಿಮೆ ಒಂದೇ. ಅದನ್ನು ಅವಳೇ ಬರೆದಿದ್ದಳು. ಕುರಿಗಳನ್ನು ನೋಡಿ ಬರೆದಿದ್ದಳು, ಕುರಿಗಳ ಮಟ್ಟಿಗೆ ಅದು ನಿಜವೂ ಆಗಿತ್ತು. ಚೌಕಗಳಲ್ಲಿ ಹಸಿ ಸಗಣಿ ಕಂಡದ್ದನ್ನು ಹಾಳೆಯ ಕೊನೆಯಲ್ಲಿ ಗುರುತು ಮಾಡಿದ್ದಳು. ಅದು ಯಾವ ದಿನದ್ದು ಎಂದು ಕೇಳಿರಲಿಲ್ಲ.

ಆದೋನಿಯಲ್ಲಿ ಅವಳ ಮನೆಯವರದು ಹತ್ತಿ ಜಿನ್ನಿಂಗ್ ಮಿಲ್ಲು, ಮುತ್ತಾತನ ಕಾಲದ್ದು. ಊರಿನ ಬೇರೆ ಕೆಲವು ಮಿಲ್ಲುಗಳು ಭಾನುವಾರ ಮುಚ್ಚಿದರೆ ಅವರದು ಸೋಮವಾರ ಮುಚ್ಚುತ್ತಿತ್ತು. ಅದು ಶಿವನ ವಾರ, ಪೂಜೆಗೆ ರಜೆ ಎಂದು ಅವಳು ಚಿಕ್ಕಂದಿನಿಂದ ತಿಳಿದಿದ್ದಳು. ಅವಳು ಅಲ್ಲಿಂದಲೇ ಅಜ್ಜಿ ಬಸಲಿಂಗಮ್ಮನಿಗೆ ಫೋನ್ ಮಾಡಿದಳು.

“ಅಜ್ಜಿ, ನಮ್ಮ ಮಿಲ್ಲಿಗೆ ಸೋಮವಾರ ಯಾಕ ರಜಾ?”

“ಊಟ ಮಾಡಿಯೇನು?”

“ಹ್ಞೂ, ಮಾಡೀನಿ. ಯಾಕ ರಜಾ?”

“ರಜಾ ಎತ್ತಿಗಿ, ನಮಗಲ್ಲ. ಆವಾಗ ಹತ್ತಿ ಬಂಡ್ಯಾಗ ಬರ್ತಿತ್ತು. ಸೋಮವಾರ ಯಾರೂ ಬಂಡಿ ಕಟ್ತಿರಲಿಲ್ಲ. ಹತ್ತಿ ಬರದ ಮ್ಯಾಲ ಮಿಲ್ಲು ತಗದು ಏನು ಮಾಡ್ತಿ? ಈಗ ಲಾರಿ ಬಂದಾವ. ಆದ್ರ ನಿಮ್ಮಪ್ಪಗ ಅದೇ ಚಾಳಿ.”

ಸಂಜೆ ಆರರವರೆಗೆ ಅವಳು ಗುಡ್ಡದಲ್ಲೇ ಕೂತು ಎತ್ತುಗಳು ಮೇಯುವುದನ್ನು ನೋಡಿದಳು. ನೋಡಲು ಅದರಲ್ಲಿ ಹೆಚ್ಚೇನೂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಇಬ್ಬರೂ ಅಳೆದರು. ವೆಂಕಟಪ್ಪ ತಟ್ಟೆ ಬಿಡುತ್ತಿದ್ದ, ಅಂಕಿಯನ್ನು ಗಟ್ಟಿಯಾಗಿ ಹೇಳುತ್ತಿದ್ದ, ಅವಳು ಬಗ್ಗಿ ನೋಡಿ ಬರೆಯುತ್ತಿದ್ದಳು. ಕೋಲನ್ನು ನೆಟ್ಟಗೆ ಹಿಡಿಯುವುದು, ತಟ್ಟೆ ತಾನಾಗಿ ನಿಲ್ಲುವವರೆಗೆ ಕಾಯುವುದು, ಕಣ್ಣನ್ನು ಅಂಕಿಯ ಸಮಕ್ಕೆ ತರುವುದು. ನಾಲ್ಕು ವರ್ಷದ ಹಿಂದೆ ಅವಳು ಕಲಿಸಿದ್ದರಲ್ಲಿ ಒಂದನ್ನೂ ಅವನು ಬಿಟ್ಟಿರಲಿಲ್ಲ. ಸರಾಸರಿ ಆರು ಪಾಯಿಂಟ್ ಎರಡು.

“ಈಗ ಹೇಳ್ರಿ,” ಅಂದ ವೆಂಕಟಪ್ಪ.

“ನನ್ನದೇ ತಪ್ಪು ಅಣ್ಣಾ.”

“ಅದು ಇರ್ಲಿ. ನಾ ಸುಳ್ಳು ಬರ್ದೀನೋ ಇಲ್ಲೋ?”

“ಇಲ್ಲ.”

“ಹಂಗನ್ರಿ,” ಅಂದು ಅವನು ಕುಂಟೆಯ ದಂಡೆಯ ಮೇಲೆ ಕೂತು ಬೀಡಿ ಹಚ್ಚಿದ. ಅಶ್ವಿನಿ ಪಕ್ಕದಲ್ಲಿ ಕೂತಳು.

“ಮೊದ್ಲು ಶನಿವಾರ ಅಳೀತಿದ್ರಿ. ಮಂಗಳವಾರ ಯಾವಾಗ ಮಾಡಿದ್ರಿ?”

“ಬರ ಬಿದ್ದ ವರ್ಷ. ಆಕಿ ಕುರಿ ಎಪ್ಪತ್ತು ಇದ್ವು, ಮೇವಿಲ್ಲ. ಶನಿವಾರದ ಸಂತೀಗೆ ವಾರಕ್ಕ ಏಳೋ ಎಂಟೋ ಹೊಡಕಂಡು ಹೋಗಿ ಮಾರ್ತಿದ್ದೆ. ನಿಮ್ಮನ್ನ ಕೇಳೀನಿ ನಾನು. ಫೋನ್ ಮಾಡಿ ಕೇಳೀನಿ.”

“ಏನು ಕೇಳಿದ್ರಿ?”

“ಶನಿವಾರ ಬದ್ಲಿ ಮಂಗಳವಾರ ಅಳೀಲೇನು ಅಂತ. ಸೋಮವಾರ ಆಗಂಗಿಲ್ಲ, ಚೌಕದಾಗ ಎತ್ತು ನಿಂತಿರ್ತಾವ. ಮಂಗಳವಾರ ಎಲ್ಲ ಎತ್ತೂ ಹೊಲದಾಗ, ಗುಡ್ಡ ಖಾಲಿ. ಯಾರೂ ಅಡ್ಡ ಬರಂಗಿಲ್ಲ, ಚೊಲೋ ಅಳೀಬಹುದು.”

“ಎತ್ತಿನ ಸುದ್ದಿ ಹೇಳಿದ್ರಾ?”

ಅವನು ಯೋಚಿಸಿದ. “ಹೇಳಿಲ್ಲ. ಅದನ್ಯಾಕ ಹೇಳ್ತಾರ? ಸೋಮವಾರ ಅಂದ್ರ ಗೊತ್ತಿರೋದೇ ಕದಾ? ನೀವು ಹ್ಞೂ ಅಂದ್ರಿ. ಯಾವ್ದಾರ ಇರ್ಲಿ, ಪ್ರತಿ ವಾರ ಅದೇ ದಿನ ಇರ್ಬೇಕು, ತಪ್ಪಿಸಬ್ಯಾಡ್ರಿ ಅಂದ್ರಿ. ತಪ್ಸಿಲ್ಲ.”

ಅಶ್ವಿನಿಗೆ ಆ ಫೋನು ನೆನಪಾಯಿತು. ಹಾಸ್ಟೆಲ್ ಮೆಸ್ಸಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಬಂದಿತ್ತು. ಮಾತು ಒಂದು ನಿಮಿಷವೂ ನಡೆದಿರಲಿಲ್ಲ. ಆಮೇಲೆ ಎರಡು ತಿಂಗಳಿಗೊಮ್ಮೆ ತಾನೇ ಬಂದು ನೋಡುವಾಗಲೂ ಅವನ ಜೊತೆ ಮಂಗಳವಾರವೇ ಬಂದಿದ್ದಳು.

ಬರದ ವರ್ಷ ಹುಲ್ಲು ಇಳಿದದ್ದು ನಿಜ. ಆ ಜೂನ್, ಜುಲೈನ ಅಳತೆಗಳೆಲ್ಲ ಶನಿವಾರದವೇ. ಆದರೆ ಬರ ಹುಲ್ಲನ್ನಷ್ಟೇ ಇಳಿಸಿರಲಿಲ್ಲ. ಕುರಿಗಳನ್ನು ಸಂತೆಗೆ ಕಳಿಸಿ, ಅವುಗಳ ಜೊತೆ ವೆಂಕಟಪ್ಪನನ್ನೂ ಕಳಿಸಿ, ಅಳೆಯುವ ದಿನವನ್ನೇ ಬದಲಿಸಿತ್ತು. ಸೋಮವಾರ ಬೋಳಾಗುವ ಕರಡ, ಗರಿಕೆ ಹುಲ್ಲುಗಳು ಮಳೆಗಾಲದಲ್ಲಿ ವಾರದೊಳಗೆ ಮತ್ತೆ ಏಳುತ್ತವೆ. ಮೊದಲ ಎರಡು ವರ್ಷ ಅವಳು ಎದ್ದ ಹುಲ್ಲನ್ನು ಅಳೆಸಿದ್ದಳು, ಕೊನೆಯ ಎರಡು ವರ್ಷ ಮೇದ ಹುಲ್ಲನ್ನು. ಗುಡ್ಡ ಬಹುಶಃ ಚೆನ್ನಾಗಿಯೇ ಇತ್ತು. ಇಲ್ಲವಾದದ್ದು ಐದನೇ ಅಧ್ಯಾಯ.

ಆಟೋಗೆ ಕಾಯುತ್ತಾ ಅವಳು ಹಾಲೇಶ್ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

“ಹಾಳೆಯಲ್ಲಿ ಏನಿದೆ? ತಾರೀಖು ಮಾತ್ರ, ಅಲ್ವಾ?”

“ಹೌದು ಸರ್.”

“ಏಳು ದಿನಕ್ಕೊಮ್ಮೆ ಅಳೆದಿದೆ ಅಂತ ಬರೆದಿದ್ದೀಯ. ಏಳು ದಿನಕ್ಕೊಮ್ಮೆನೇ ಅಳೆದಿದೆ. ಇದರಲ್ಲಿ ಸುಳ್ಳೆಲ್ಲಿ ಬಂತು?”

“ಆದ್ರೆ ತೀರ್ಮಾನ ತಪ್ಪು ಸರ್.”

“ತಪ್ಪು ಅಂತಾನೂ ನಿನಗೆ ಗೊತ್ತಿಲ್ಲ. ಒಂದು ಭಾನುವಾರ ನೋಡಿದ್ದೀಯ, ಅಷ್ಟೇ. ಒಂದು ದಿನದ ಅಳತೆ ಇಟ್ಟುಕೊಂಡು ಎರಡು ವರ್ಷದ್ದನ್ನ ತೆಗೆದುಹಾಕ್ತೀಯಾ?”

ಅವರ ಮಾತು ಸರಿಯಾಗಿತ್ತು. ಖಚಿತವಾಗಿ ಹೇಳಬೇಕಾದರೆ ಶನಿವಾರ, ಮಂಗಳವಾರ ಎರಡೂ ದಿನ ಅಳೆಯಬೇಕು, ಹುಲ್ಲು ಒಣಗುವವರೆಗೆ, ಅಂದರೆ ಡಿಸೆಂಬರ್‌ವರೆಗೆ. ಸೆಪ್ಟೆಂಬರ್ ಮೂವತ್ತು ಅಷ್ಟು ಕಾಯುವುದಿಲ್ಲ.

“ಸಲ್ಲಿಸು. ಆಮೇಲೆ ಬೇಕಾದರೆ ಅಳೆದು ಇನ್ನೊಂದು ಲೇಖನ ಬರೆಯೋಣ. ಇದರಿಂದ ಯಾರಿಗೂ ನಷ್ಟವಿಲ್ಲ ಅಶ್ವಿನಿ. ಯಾವನೂ ಕ್ಯಾಲೆಂಡರ್ ಹಿಡ್ಕೊಂಡು ಪ್ರಬಂಧ ಓದಲ್ಲ.”

ಅದೂ ನಿಜ. ಆಟೋ ಬಂತು. ಹೊರಡುವ ಮುಂಚೆ ವೆಂಕಟಪ್ಪ ಅದರ ಕಂಬಿ ಹಿಡಿದು ನಿಂತ.

“ಈಗ ನಿಮ್ಮ ಬುಕ್ಕಿನಾಗ ಏನಂತ ಬರೀತೀರಿ?”

“ಯಾಕಣ್ಣಾ?”

“ಎತ್ತು ಮೇದಾವ ಅಂತ ಬರೀರಿ. ಇಲ್ಲಂದ್ರ ನಾಳೆ ಯಾರಾರ ಶನಿವಾರ ಬಂದು ಬೀಳಿಸಿ ನೋಡ್ತಾರ. ಹನ್ನೊಂದು ಬರ್ತೈತಿ. ಆ ವೆಂಕಟಪ್ಪ ಮನ್ಯಾಗ ಕುಂತು ಬರ್ದಾನ ಅಂತಾರ. ನೀವೇ ಅಂದ್ರಲ್ಲ.”

ಅಶ್ವಿನಿ ಆದೋನಿಯ ಮನೆಯಲ್ಲಿ ಎರಡು ದಿನ ಆ ಹಾಳೆಗಳನ್ನು ಹಾಕಿಕೊಂಡು ಕೂತಳು. ಒಟ್ಟು ಇನ್ನೂರ ಇಪ್ಪತ್ತು ಅಳತೆ. ತಾರೀಖಿನ ಪಕ್ಕದಲ್ಲಿ ಒಂದು ಹೊಸ ಕಾಲಂ ಎಳೆದು, ಪ್ರತಿಯೊಂದರ ಎದುರೂ ದಿನದ ಹೆಸರು ಬರೆದಳು. ಕಂಪ್ಯೂಟರಿನಲ್ಲಿ ಒಂದು ನಿಮಿಷದ ಕೆಲಸ. ಅವಳು ಕೈಯಲ್ಲೇ ಬರೆದಳು. ನೂರ ಹದಿಮೂರು ಶನಿವಾರ, ನೂರ ಏಳು ಮಂಗಳವಾರ, ನಡುವೆ ಬೇರೆ ಒಂದೂ ದಿನವಿಲ್ಲ. ಇಪ್ಪತ್ತಮೂರನೇ ಇಸವಿ ಆಗಸ್ಟ್ ಇಪ್ಪತ್ತಾರರ ಕೆಳಗೆ ಗೆರೆ ಎಳೆದರೆ ಎರಡು ಬೇರೆ ಗುಡ್ಡಗಳ ಲೆಕ್ಕದಂತೆ ಕಾಣುತ್ತಿತ್ತು. ವೆಂಕಟಪ್ಪ ನಿಜಕ್ಕೂ ತಪ್ಪಿಸಿರಲಿಲ್ಲ.

ಶುಕ್ರವಾರ ಹಾಲೇಶ್ ಸರ್ ಟೇಬಲ್ಲಿನ ಮೇಲೆ ಆ ಹಾಳೆಗಳನ್ನೂ ಆರು ತಿಂಗಳ ಅವಧಿ ವಿಸ್ತರಣೆಯ ಅರ್ಜಿಯನ್ನೂ ಇಟ್ಟಳು. ಅರ್ಜಿಯಲ್ಲಿ ಕಾರಣ ಬರೆಯುವ ಜಾಗ ಸಣ್ಣದಿತ್ತು. ಅಳತೆಯ ದಿನ ಬದಲಾದದ್ದರ ಪರಿಣಾಮವನ್ನು ನಾನು ಗಮನಿಸಿರಲಿಲ್ಲ ಎಂದು ಬರೆದಿದ್ದಳು.

ಅವರು ಓದಿದರು. “ಕ್ಷೇತ್ರ ಸಹಾಯಕನ ಲೋಪ ಅಂತ ಬರೆಯಬಹುದಿತ್ತು.”

“ಅವರದು ಲೋಪ ಇಲ್ಲ ಸರ್.”

“ಇದನ್ನು ಕಮಿಟಿಯಲ್ಲಿ ಎಂಟು ಜನ ಓದ್ತಾರೆ. ಅದೇ ಊರಿನ ಕಡೆಯವಳು, ಎತ್ತಿಗೆ ಯಾವತ್ತು ರಜೆ ಅಂತ ಗೊತ್ತಿಲ್ಲದೆ ಹುಲ್ಲಿನ ಮೇಲೆ ಪಿಎಚ್‌ಡಿ ಮಾಡ್ತಿದ್ದಾಳೆ ಅಂತ ನಗ್ತಾರೆ.”

“ನಗ್ತಾರೆ ಸರ್.”

“ಅವಧಿ ಕೊಟ್ಟೇಬಿಡ್ತಾರೆ ಅಂತ ನಾನು ಹೇಳಲಾರೆ. ಕೊಡದಿದ್ದರೆ ಐದು ವರ್ಷ ಹೋಯ್ತು.”

ಹಾಲೇಶ್ ಸರ್ ದಿನದ ಕಾಲಮ್ಮನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ನೋಡಿದರು, ಪೆನ್ನು ಹುಡುಕಿ ಸಹಿ ಹಾಕಿದರು. “ಲೇಖನ ವಾಪಸ್ ತಗೋತೀವಿ ಅಂತ ಹೈದರಾಬಾದಿನವರಿಗೆ ಪತ್ರ ನೀನೇ ಬರಿ,” ಅಂದರು. ಆ ದಿನ ಟೀ ತರಿಸಲಿಲ್ಲ.

ಮರುದಿನ ಶನಿವಾರ ವೆಂಕಟಪ್ಪ ಅಳತೆ ಕಳಿಸಿದ. ಹತ್ತು ಪಾಯಿಂಟ್ ಒಂಬತ್ತು. ಇನ್ನು ಡಿಸೆಂಬರ್‌ವರೆಗೆ ಎರಡು ದಿನವೂ ಅಳೆಯುವುದು ಎಂದು ಗೊತ್ತಾಗಿತ್ತು. ಹಾಳೆಯ ಕೆಳಗೆ ತೆಲುಗು ಅಕ್ಷರದಲ್ಲಿ ದಿನದ ಹೆಸರನ್ನು ದಪ್ಪಗೆ ಬರೆದಿದ್ದ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅಶ್ವಿನಿ ಮನೆಯಲ್ಲಿದ್ದಳು. ಮಿಲ್ಲು ಮುಚ್ಚಿತ್ತು. ಹೈದರಾಬಾದಿಗೆ ಪತ್ರ ಬರೆಯುತ್ತಿದ್ದಾಗ ವೆಂಕಟಪ್ಪನ ಫೋನು ಬಂತು. ದನಿಯಲ್ಲಿ ಉತ್ಸಾಹವಿತ್ತು, ‘ಅವ್ವಾ’ ವಾಪಸ್ ಬಂದಿತ್ತು.

“ಅವ್ವಾ, ನೀ ಏನೂ ಚಿಂತಿ ಮಾಡಬ್ಯಾಡ. ಇವತ್ತು ನಮ್ಮ ಎತ್ತು ಬಿಟ್ಟಿಲ್ಲ.”

“ಏನು?”

“ಮನ್ಯಾಗ ಕಟ್ಟೀನಿ. ನಿನ್ನಿ ಊರಾಗ ಎಲ್ಲರಿಗೂ ಹೇಳೀನಿ, ಆ ಹುಡುಗಿ ಓದು ಕೆಡ್ತೈತಿ, ಸೋಮವಾರ ಯಾರೂ ಗುಡ್ಡಕ್ಕ ಬಿಡಬ್ಯಾಡ್ರಿ ಅಂತ. ಕೊಟ್ರೇಶ ಒಬ್ಬ ತಕರಾರು ತಗದ. ಆತಗೂ ಬೈದು ಒಪ್ಸೀನಿ. ಒಂದೂ ಎತ್ತಿಲ್ಲ ಗುಡ್ಡದಾಗ. ನಾಳೆ ಹನ್ನೊಂದು ಬರ್ತೈತಿ ನೋಡು.”

ಅಶ್ವಿನಿ ಎದ್ದು ನಿಂತಳು. “ಬಿಡ್ರಿ ಅಣ್ಣಾ! ಈಗ್ಲೇ ಬಿಡ್ರಿ!”

“ಎತ್ತಾ?”

“ಎಲ್ಲಾ ಎತ್ತು! ಮೇಯ್ಲಿ, ಅವು ಯಾವಾಗ್ಲೂ ಹೆಂಗ ಮೇಯ್ತಾವೋ ಹಂಗ ಮೇಯ್ಲಿ. ಯಾರಿಗೂ ಏನೂ ಹೇಳಬ್ಯಾಡ್ರಿ.”

ವೆಂಕಟಪ್ಪ ಫೋನನ್ನು ಬಾಯಿಂದ ದೂರ ಹಿಡಿದು ಹೆಂಡತಿಗೆ ಹೇಳಿದ್ದು ಕೇಳಿಸಿತು: “ಬಿಡಬೇಕಂತ.”

“ಬಿಡು ಅಂದ್ರ ಬಿಡು,” ಅಂದಳು ಪಕೀರಮ್ಮ. “ಆವಾಗ್ಲಿಂದ ಕಣ್ಣಿ ಜಗ್ಗಾಕತ್ತಾವ.”

ಅಶ್ವಿನಿ ಫೋನ್ ಇಟ್ಟು ಹೊಸ ಅಳತೆಗಳ ಹಾಳೆ ತೆಗೆದಳು. ದಿನದ ಕಾಲಮ್ಮಿನ ಪಕ್ಕ ಇನ್ನೊಂದು ಕಾಲಂ ಎಳೆದು, ಮರುದಿನದ ತಾರೀಖಿನ ಎದುರು ಬರೆದಳು: ಹಿಂದಿನ ದಿನ ಎತ್ತುಗಳು ತಡವಾಗಿ ಬಂದವು. ಹನ್ನೊಂದು ಗಂಟೆ, ಅಂದಾಜು.